ಗಿರಿಜಕ್ಕನ ಮನೆಯ ನೆಲ

ಕುದ್ರೋಳಿಯಲ್ಲಿ ಈಗ ಕಾರು ನಿಲ್ಲಿಸಲು ಜಾಗ ಸಿಕ್ಕುವುದೆಂದರೆ ಪೂರ್ವಜನ್ಮದ ಪುಣ್ಯ. ಮೊನ್ನೆ ದೇವಸ್ಥಾನದಿಂದ ಸಾಕಷ್ಟು ದೂರ ನಿಲ್ಲಿಸಿ, ಸೆಕೆಗೆ ಶಾಪ ಹಾಕುತ್ತ ನಡೆದು ಬರುತ್ತಿದ್ದಾಗ ಒಂದು ಅಂಗಡಿಯ ಎದುರು ಕಾಲು ತಾನಾಗಿ ನಿಂತಿತು. ಸೀಮೆಎಣ್ಣೆಯ ವಾಸನೆ, ಅದರ ಜೊತೆಗೆ ಉರಿಯುವ ಸ್ಪಿರಿಟ್ಟಿನ ವಾಸನೆ. ಬಾಗಿಲ ತುಂಬ ಬಣ್ಣದ ಎಲ್‌ಇಡಿ ಮಾಲೆಗಳು ಜೋತುಬಿದ್ದಿದ್ದವು. ಒಳಗೆ ನರೆತ ಮೀಸೆಯ ಅಂಗಡಿಯವನು ಒಂದು ಹಳೆಯ ಗ್ಯಾಸ್‌ಲೈಟಿಗೆ ಪಂಪ್ ಹೊಡೆಯುತ್ತಿದ್ದ.

"ಮದುವೆಯವರಿಗೆ ಫೋಟೋ ತೆಗೆಯಲಿಕ್ಕೆ ಬೇಕಂತೆ," ಎಂದ ನನ್ನ ಮುಖ ನೋಡದೆಯೇ. "ಹಳೇ ಕಾಲದ ಹಾಗೆ ಕಾಣಬೇಕಂತೆ. ಎಂತ ಹೇಳುವುದು ಇವರಿಗೆ?"

"ಮ್ಯಾಂಟಲ್ ಎಲ್ಲಿ ಇಟ್ಟುಕೊಳ್ತೀರಿ?" ಎಂದು ಕೇಳಿದೆ. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

ಪಂಪ್ ಹೊಡೆಯುವ ಕೈ ನಿಂತಿತು. ಅವನು ತಲೆಯೆತ್ತಿ ನನ್ನನ್ನು ಚೆನ್ನಾಗಿ ನೋಡಿ, "ಈ ಪ್ರಶ್ನೆ ಕೇಳುವವರು ಊರಲ್ಲಿ ಒಬ್ಬರೇ," ಎಂದ. "ವಿನಯಾ ಮೇಡಂ ಅಲ್ವಾ? ನಾನು ಲೋಕೇಶ, ಸಂಜೀವಣ್ಣನ ಮಗ. ಅಮ್ಮ ಮನೆಯಲ್ಲೇ ಇದ್ದಾರೆ. ನೀವು ಇಲ್ಲಿವರೆಗೆ ಬಂದು ಹಾಗೇ ಹೋದಿರಿ ಅಂತ ಗೊತ್ತಾದರೆ ನನಗೆ ಇವತ್ತು ಊಟ ಇಲ್ಲ."

ಅವನು ಅಂಗಡಿಗೆ ಅರ್ಧ ಶಟರ್ ಎಳೆದು ಮುಂದೆ ನಡೆದ, ನಾನು ಹಿಂದೆ ಹೋದೆ. ಪತ್ತನಾಜೆ ಹತ್ತಿರ ಬಂದಿತ್ತು. ಬೇಸಗೆಯ ಕೊನೆಗೆ ಬರುವ ಆ ದಿನದಿಂದ ನಮ್ಮಲ್ಲಿ ಭೂತಕೋಲ, ಬಯಲಾಟಗಳಿಗೆಲ್ಲ ಮಳೆಗಾಲದ ರಜೆ. ಈಗ ಸಭಾಂಗಣಗಳಲ್ಲಿ ಮಳೆಗಾಲದಲ್ಲೂ ಆಟ ನಡೆಯುತ್ತದೆ, ಆದರೆ ನಾನು ಹೇಳುವ ಕಾಲದಲ್ಲಿ ಪತ್ತನಾಜೆ ಎಂದರೆ ಪತ್ತನಾಜೆ. ಅಂದು ಗೆಜ್ಜೆ ಬಿಚ್ಚಿದರೆ ದೀಪವೂ ಆರಿದ ಹಾಗೆಯೇ. ಒಂದು ಮಳೆಗಾಲದಲ್ಲಿ ನನ್ನ ಎದೆಯ ಮೇಲೆ ಕೂತಿದ್ದ ಭಾರಕ್ಕೂ ಆ ರಜೆಗೂ ಇದ್ದ ಸಂಬಂಧ ನನಗೆ ತಿಳಿದದ್ದು ಮಳೆ ಇಳಿಮುಖವಾಗುವ ಸೋಣ ತಿಂಗಳು ಬಂದ ಮೇಲೆ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ಊರ ಹೊರಗೆ ಗುಡ್ಡದ ಮೇಲಿದ್ದ ನಮ್ಮ ವಿಭಾಗದಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೆ. ಸರಕಾರದ ಯೋಜನೆ, ಹಣ ಬೊಂಬಾಯಿಯಿಂದ ಬರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅದು 'ಬೊಂಬಾಯಿ ಪ್ರಾಜೆಕ್ಟ್'. ಉತ್ತರದ ಜಿಲ್ಲೆಯ ಕಾಡಿನಲ್ಲಿ ಆಗ ಅಣುವಿದ್ಯುತ್ ಸ್ಥಾವರ ಏಳುತ್ತಿತ್ತು. ಸ್ಥಾವರ ಶುರುವಾದ ಮೇಲೆ ಕರಾವಳಿಯಲ್ಲಿ ವಿಕಿರಣ ಹೆಚ್ಚಾಯಿತೋ ಇಲ್ಲವೋ ಎಂದು ಹೇಳಬೇಕಾದರೆ ಮೊದಲು ಎಷ್ಟಿತ್ತೆಂದು ಗೊತ್ತಿರಬೇಕಲ್ಲ? ಮಣ್ಣು, ಕಲ್ಲು, ಆಕಾಶ ಎಲ್ಲವೂ ಅಷ್ಟಿಷ್ಟು ವಿಕಿರಣ ಕೊಡುತ್ತಲೇ ಇರುತ್ತವೆ. ಸಮುದ್ರ ದಂಡೆಯ ಕೆಲವು ಕಡೆಯ ಕಪ್ಪು ಮರಳು ಇನ್ನೂ ಸ್ವಲ್ಪ ಜಾಸ್ತಿ ಕೊಡುತ್ತದೆ. ಅದನ್ನು ಮನೆಮನೆಯಲ್ಲಿ ಅಳೆಯುವುದು ನಮ್ಮ ಕೆಲಸ.

ಅಳೆಯುವ ವಸ್ತು ನೋಡಿದರೆ ನಗು ಬರಬೇಕು. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಾರ್ಡು, ಅದರೊಳಗೆ ಮೂರು ಪುಟ್ಟ ಬಿಲ್ಲೆಗಳು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಅದಕ್ಕೆ ದೀಪವಿಲ್ಲ, ಮುಳ್ಳಿಲ್ಲ, ಸದ್ದಿಲ್ಲ. ಗೋಡೆಯ ಆಣಿಯಲ್ಲಿ ಮೂರು ತಿಂಗಳು ಸುಮ್ಮನೆ ತೂಗುತ್ತಿರುತ್ತದೆ. ಆಮೇಲೆ ಪ್ರಯೋಗಾಲಯಕ್ಕೆ ತಂದು ಬಿಸಿ ಮಾಡಿದರೆ ಅಷ್ಟು ಕಾಲ ನುಂಗಿದ್ದನ್ನೆಲ್ಲ ಬೆಳಕಾಗಿ ಕಕ್ಕುತ್ತದೆ. ಆ ಬೆಳಕನ್ನು ಯಂತ್ರ ಓದುತ್ತದೆ. ಒಮ್ಮೆ ಓದಿದರೆ ಮುಗಿಯಿತು, ಎಲ್ಲ ಅಳಿಸಿಹೋಗಿ ಮತ್ತೆ ಖಾಲಿ ಬಿಲ್ಲೆ. ಮನೆಯವರು ಅದಕ್ಕೆ 'ಸರಕಾರದ ತಾಯಿತ' ಎಂದು ಹೆಸರಿಟ್ಟಿದ್ದರು. ಬಿಕರ್ನಕಟ್ಟೆಯ ನಮ್ಮ ಮನೆಯಲ್ಲಿ ಅಮ್ಮನಂತೂ, "ನಮ್ಮ ಕುಟುಂಬದಲ್ಲಿ ಹೋಟೆಲಿಟ್ಟವರು ಉಂಟು, ಲಾಯರು ಉಂಟು. ಕಂಡವರ ಮನೆಗೆ ತಾಯಿತ ಕಟ್ಟುವವಳು ನೀನೊಬ್ಬಳೇ," ಎನ್ನುತ್ತಿದ್ದಳು.

ಕುದ್ರೋಳಿಯಲ್ಲಿ ನಾನು ಆರಿಸಿದ್ದ ಮನೆಗಳಲ್ಲಿ ಸಂಜೀವಣ್ಣನದೂ ಒಂದು. ಕೋಲಕ್ಕೆ, ಬಯಲಾಟಕ್ಕೆ, ಮದುವೆ ದಿಬ್ಬಣಕ್ಕೆ ಗ್ಯಾಸ್‌ಲೈಟ್ ಬಾಡಿಗೆಗೆ ಕೊಡುವುದು ಅವರ ವ್ಯಾಪಾರ. ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಹೆಂಡತಿ ಗಿರಿಜಕ್ಕ ಆಡಿ ಮುಗಿಸುತ್ತಿದ್ದರು. ಲೋಕೇಶ ಆಗ ಶಾಲೆಗೆ ಹೋಗುವ ಹುಡುಗ. ಮನೆ ಹೊಸತು. ನದಿ ಸಮುದ್ರ ಸೇರುವ ಅಳಿವೆಬಾಗಿಲಿನ ಕಡೆಯಿಂದ ದೋಣಿಯಲ್ಲಿ ಮರಳು ತರಿಸಿ ನೆಲದಡಿಗೆ ತುಂಬಿಸಿ, ಮೇಲೆ ಕೆಂಪು ಕಾವಿ ಹಾಕಿಸಿದ್ದರು. "ಕೂತು ನೋಡು ಮಗಾ, ಎಷ್ಟು ತಂಪು ಉಂಟು ಅಂತ," ಎಂದು ಗಿರಿಜಕ್ಕ ನನ್ನನ್ನು ಮೊದಲ ದಿನವೇ ನೆಲದ ಮೇಲೆ ಕೂರಿಸಿದ್ದರು. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಪತ್ತನಾಜೆಗೆ ಇನ್ನೂ ಸಮಯವಿದ್ದಾಗ, ಉರಿಬಿಸಿಲಲ್ಲಿ, ಅವರ ಚಾವಡಿಯ ಕಿಟಕಿಯ ಪಕ್ಕದ ಆಣಿಗೆ ಕಾರ್ಡು ತೂಗಿಸಿದೆ. "ಆಟಿ ಅಮಾವಾಸ್ಯೆಯ ಮರುದಿನ ಬಂದು ತೆಗೆದುಕೊಂಡು ಹೋಗ್ತೇನೆ. ಅಲ್ಲಿವರೆಗೆ ಜೋಪಾನ," ಎಂದೆ.

"ಸರಕಾರದ ಸಾಮಾನಲ್ವಾ? ಕಣ್ಣಿನ ಹಾಗೆ ನೋಡಿಕೊಳ್ತೇನೆ," ಎಂದರು ಗಿರಿಜಕ್ಕ. ಹಾಗೆಯೇ ನೋಡಿಕೊಂಡರು ಕೂಡ. ಬಂದದ್ದೆಲ್ಲ ಅದರಿಂದಲೇ ಬಂತು.

ಆ ವರ್ಷ ಮಳೆ ಹಟ ಹಿಡಿದು ಹೊಯ್ಯಿತು. ಕಪಾಟಿನ ಸೀರೆಗೆ ಬೂಸ್ಟು, ಚಪ್ಪಲಿಗೆ ಬೂಸ್ಟು. ನಮ್ಮ ಪ್ರಯೋಗಾಲಯದಲ್ಲಿ ಯಂತ್ರಗಳ ಪಕ್ಕ ಬಲ್ಬು ಉರಿಸಿಟ್ಟು ಅವುಗಳ ಚಳಿ ಬಿಡಿಸುತ್ತಿದ್ದೆವು. ಮಳೆಗಾಲದ ನಡುವಿನ ಆಟಿ ತಿಂಗಳ ಅಮಾವಾಸ್ಯೆಯಂದು ಎಲ್ಲರ ಹಾಗೆ ಪಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿದು, ಮರುದಿನ ಕೊಡೆ ಹಿಡಿದುಕೊಂಡು ಕುದ್ರೋಳಿಗೆ ಹೋದೆ. ಕಾರ್ಡು ಆಣಿಯಲ್ಲಿ ಇದ್ದ ಹಾಗೆಯೇ ಇತ್ತು. ಬೇರೆ ಮನೆಗಳಲ್ಲಿ ಮಸಿ, ಹಲ್ಲಿಯ ಹಿಕ್ಕೆ. ಇದು ಮಾತ್ರ ಒರೆಸಿದ ಹಾಗೆ ಹೊಳೆಯುತ್ತಿತ್ತು. ಎಷ್ಟು ಚೊಕ್ಕ ಜನ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಅಂದು ಆ ಮನೆಯಲ್ಲಿ ಇನ್ನೊಬ್ಬಳಿದ್ದಳು, ಮಗಳು ಶಶಿಕಲಾ. ಹೆರಿಗೆಗೆಂದು ಬೇಸಗೆಯಲ್ಲೇ ತವರಿಗೆ ಬಂದವಳು, ಚೌತಿ ಕಳೆದ ಮೇಲೆ ದಿನ. ನನ್ನದೇ ವಯಸ್ಸು. ಹಿಂದಿನ ವರ್ಷ ಇದೇ ಮನೆಯಲ್ಲಿದ್ದಾಗ ಅವಳ ಮೊದಲ ಬಸಿರು ಇಳಿದುಹೋಗಿತ್ತು. ಗಿರಿಜಕ್ಕ ಅದನ್ನು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿ, "ಈ ಸಲ ಒಂದು ಸುಸೂತ್ರ ಆದರೆ ಸಾಕು ಮಗಾ, ಬೇರೆ ಎಂತದೂ ಬೇಡ ನನಗೆ," ಎಂದರು. ಕೆಸುವಿನ ಎಲೆಯ ಪತ್ರೊಡೆ ಬಡಿಸಿದರು. ನಾನು ಅದೇ ತಂಪು ನೆಲದ ಮೇಲೆ ಕೂತು ಎರಡನೆಯ ಸಲ ಹಾಕಿಸಿಕೊಂಡು ತಿಂದೆ.

ಮುಂದಿನ ವಾರ ಕಾರ್ಡುಗಳನ್ನು ಒಂದೊಂದಾಗಿ ಬಿಸಿ ಮಾಡಿ ಓದಿದೆವು. ಕುದ್ರೋಳಿಯ ಮನೆಗಳೆಲ್ಲ ಒಂದೇ ಮಟ್ಟದಲ್ಲಿ ಬಂದವು. ಸಂಜೀವಣ್ಣನ ಮನೆಯ ಕಾರ್ಡು ಬಂದಾಗ ಯಂತ್ರದ ಮುಳ್ಳು ಎದ್ದು ಹೋಯಿತು. ಪಕ್ಕದ ಮನೆಗಿಂತ ಎಷ್ಟೋ ಪಟ್ಟು ಹೆಚ್ಚು. ಯಂತ್ರದ ತಪ್ಪಿರಬೇಕೆಂದು ಎರಡನೆಯ ಬಿಲ್ಲೆ ಇಟ್ಟೆ, ಮೂರನೆಯದನ್ನೂ ಇಟ್ಟೆ. ಮೂರೂ ಒಂದೇ ಮಾತು ಹೇಳಿದವು. ನನಗೆ ತಟ್ಟನೆ ನೆನಪಾದದ್ದು ಆ ನೆಲದಡಿಯ ಮರಳು.

ನನ್ನ ಮಾರ್ಗದರ್ಶಕರು ವಾಸುದೇವ ಸರ್, ಮೈಸೂರಿನ ಕಡೆಯವರು. ಊರಿಗೆ ಬಂದು ಹತ್ತಾರು ಮಳೆಗಾಲ ಕಳೆದಿದ್ದರೂ ತುಳುವಿನಲ್ಲಿ ಅವರಿಗೆ ಬರುತ್ತಿದ್ದದ್ದು 'ಊಟ ಆಯಿತಾ' ಎನ್ನುವುದೊಂದೇ. ನಾನು ಕೊಟ್ಟ ಅಂಕಿಗಳ ಕಾಗದ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸರ್, ಅವರ ಮಗಳು ಬಸುರಿ. ಹೋದ ವರ್ಷ ಇದೇ ಮನೆಯಲ್ಲಿ ಒಂದು ಬಸಿರು ಇಳಿದುಹೋಗಿದೆ. ಹೇಳಬೇಕಲ್ವಾ?"

"ಏನಂತ ಹೇಳ್ತೀಯಮ್ಮ? ಒಂದು ಸಲ ಅಳೆದದ್ದು ಅಳತೆಯೇ ಅಲ್ಲ. ಇಷ್ಟರಿಂದ ಮಗುವಿಗೆ ತೊಂದರೆ ಆಗುತ್ತೆ ಅಂತಲೂ ಹೇಳೋಕಾಗಲ್ಲ, ಆಗಲ್ಲ ಅಂತ ಪ್ರಮಾಣ ಮಾಡೋಕೂ ಈಗ ನನ್ನಿಂದ ಆಗಲ್ಲ. ನೆಲದಿಂದಲೇ ಬಂದಿದ್ದರೆ ನೆಲ ಅಗೆಸಬೇಕು. ಅಲ್ಲದಿದ್ದರೆ ಒಂದು ಸಂಸಾರವನ್ನು ಸುಮ್ಮನೆ ಬೀದಿಗೆ ತಂದ ಹಾಗೆ."

"ಹೊಸ ಕಾರ್ಡು ಹಾಕಿದರೆ?"

"ಮತ್ತೆ ಮೂರು ತಿಂಗಳು. ಅಷ್ಟರಲ್ಲಿ ಮಗು ಹುಟ್ಟಿರುತ್ತೆ. ನಿಂತಲ್ಲೇ ಅಳೆಯೋ ಮೀಟರು ಬೇಕು."

ಆ ಮೀಟರಿಗೆ ಮಳೆಯ ಥಂಡಿ ಹಿಡಿದು ಹುಚ್ಚುಹುಚ್ಚಾಗಿ ಟಿಕ್ ಟಿಕ್ ಎಂದು ಕುಟ್ಟುತ್ತಿತ್ತೆಂದು ರಿಪೇರಿಗೆ ಬೊಂಬಾಯಿಗೆ ಕಳಿಸಿದ್ದೆವು. ಸರ್ ಅಂದೇ ತಂತಿ ಕೊಟ್ಟರು, ಟ್ರಂಕ್ ಕಾಲ್ ಮಾಡಿದರು. ಅದು ಬರುವವರೆಗೆ ಬಾಯಿ ಬಿಡಬಾರದೆಂದು ನನಗೆ ಹೇಳಿದರು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಹೋಗದೆ ಇರಲು ನನ್ನಿಂದಾಗಲಿಲ್ಲ. ಏನಾದರೊಂದು ನೆಪ ಮಾಡಿಕೊಂಡು ಕುದ್ರೋಳಿಗೆ ಹೋಗುತ್ತಿದ್ದೆ. ಒಂದು ದಿನ ಅಂಗಳದ ಮಣ್ಣು ಬೇಕೆಂದೆ, ಇನ್ನೊಂದು ದಿನ ಬಾವಿಯ ನೀರು. ಶಶಿಕಲಾ ಚಾವಡಿಯ ನೆಲದ ಮೇಲೆ ಚಾಪೆ ಹಾಸಿ ಮಲಗಿರುತ್ತಿದ್ದಳು. "ಹೊರಗೆ ಜಗಲಿಯಲ್ಲಿ ಕೂರು ಮಾರಾಯ್ತಿ, ಗಾಳಿ ಉಂಟು," ಎಂದರೆ ಅವಳು, "ಹೊರಗೆ ಮಳೆಯೂ ಉಂಟಲ್ಲ," ಎಂದು ನಗುತ್ತಿದ್ದಳು. ಮಂಚ ಯಾಕಿಲ್ಲ ಎಂದು ಕೇಳಿದೆ. ಗಂಡನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರಬಾರದೇ ಎಂದೂ ಕೇಳಿದೆ. ಗಿರಿಜಕ್ಕ ನನ್ನನ್ನು ವಿಚಿತ್ರವಾಗಿ ನೋಡಿ, "ಆಟಿಯಲ್ಲಿ ಬಸುರಿಯನ್ನು ಮನೆಯಿಂದ ಕಳಿಸುವುದುಂಟಾ? ಕಾಲೇಜು ಕಲಿತವರಿಗೆ ಇಷ್ಟೂ ಗೊತ್ತಿಲ್ವಾ?" ಎಂದರು.

ಗೋಡೆಯಲ್ಲಿ ಖಾಲಿ ಆಣಿ. ನಾನು ಅದರ ಕೆಳಗೇ ಕೂತು ಊಟ ಮಾಡುತ್ತಿದ್ದೆ. ಬೇಡ ಎನ್ನಬಹುದಿತ್ತು, ಕುರ್ಚಿ ಕೇಳಬಹುದಿತ್ತು. ಆದರೆ ಆ ಹುಡುಗಿ ಮಲಗುವ ನೆಲದ ಮೇಲೆ ನಾನು ಕೂರಲಾರೆ ಎಂದರೆ ಅದು ಯಾವ ನ್ಯಾಯ ಎಂದು ಅನಿಸುತ್ತಿತ್ತು. ಕೂತೆ, ಉಂಡೆ. ಮನೆಗೆ ಬಂದರೆ ನಿದ್ದೆಯಿಲ್ಲ. ಅಮ್ಮ, "ಯಾರನ್ನಾದರೂ ಮೆಚ್ಚಿದ್ದರೆ ಹೇಳು, ಹೀಗೆ ಒಣಗಬೇಡ," ಎಂದಳು. ಪಾಪ, ಅವಳ ಲೆಕ್ಕ ಬೇರೆ.

ಆಟಿ ಕಳೆದು ಸೋಣ ತಿಂಗಳು ಹುಟ್ಟಿ ಮಳೆ ನಡುನಡುವೆ ಬಿಸಿಲಿಗೆ ದಾರಿ ಬಿಡುವ ಹೊತ್ತಿಗೆ ಮೀಟರು ಬಂತು. ಪಾರ್ಸೆಲು ಬಿಚ್ಚಿದ ಬೆಳಿಗ್ಗೆಯೇ ವಾಸುದೇವ ಸರ್ ಜೀಪು ಹತ್ತಿದರು. ಮನೆಯಲ್ಲಿ ಎಲ್ಲರೂ ಇದ್ದರು. ಸೀಸನ್ ಇಲ್ಲದ್ದರಿಂದ ಸಂಜೀವಣ್ಣನಿಗೂ ಕೆಲಸವಿರಲಿಲ್ಲ. "ಎಂತ ಸಾರ್, ಪೆಟ್ಟಿಗೆ ಎಲ್ಲ ಹಿಡಿದುಕೊಂಡು?" ಎಂದರು. "ಸ್ವಲ್ಪ ಅಳತೆ ಇದೆ, ಐದು ನಿಮಿಷ," ಎಂದು ಸರ್ ಚಾವಡಿಯ ನೆಲದ ಮೇಲೆ ಮೊಣಕಾಲೂರಿ ಕೂತು ಮೀಟರಿನ ಕೊಳವೆಯನ್ನು ನೆಲಕ್ಕೆ ಹಿಡಿದರು.

ಟಿಕ್. ತುಸು ಹೊತ್ತು ಬಿಟ್ಟು ಮತ್ತೊಂದು ಟಿಕ್. ನಮ್ಮ ವಿಭಾಗದ ವರಾಂಡದಲ್ಲಿ ಬರುವಷ್ಟೇ, ರಸ್ತೆಯಲ್ಲಿ ಬರುವಷ್ಟೇ. ಮೂಲೆಗೆ ಹಿಡಿದರು, ಗೋಡೆಗೆ ಹಿಡಿದರು, ಶಶಿಕಲಾಳ ಚಾಪೆ ಸರಿಸಿ ಅದರಡಿಗೆ ಹಿಡಿದರು. ಎಲ್ಲಿಯೂ ಹೆಚ್ಚಿಲ್ಲ. ಆಣಿಯ ಹತ್ತಿರವೂ ಇಲ್ಲ. ಸರ್ ತಲೆಯೆತ್ತಿ ನನ್ನನ್ನು ನೋಡಿ, "ನೆಲದಲ್ಲಿ ಏನೂ ಇಲ್ಲ ಕಣಮ್ಮ," ಎಂದರು. ನಾನು ಗೋಡೆಗೆ ಒರಗಿ ನಿಂತೆ.

ಹಾಗಾದರೆ ಆ ಕಾರ್ಡು ಕಂಡದ್ದೇನು? "ಅದು ಮೂರು ತಿಂಗಳೂ ಇಲ್ಲೇ ಇತ್ತಾ?" ಎಂದು ಸರ್ ಕೇಳಿದರು. ಗಿರಿಜಕ್ಕ ಗಂಡನ ಮುಖ ನೋಡಿ, ಸೆರಗು ಸರಿಮಾಡಿಕೊಂಡು, "ಇಲ್ಲೇ ಇತ್ತು ಸಾರ್," ಎಂದರು. ಆಮೇಲೆ ಮಾತು ಬದಲಿಸಲೆಂಬಂತೆ, "ಒಳಗೆ ಬನ್ನಿ, ಚಾ ಮಾಡ್ತೇನೆ," ಎಂದು ಎದ್ದರು.

ಸರ್ ಕೆಳಗಿಟ್ಟ ಮೀಟರನ್ನು ಆರಿಸದೆ ಕೈಯಲ್ಲೇ ಹಿಡಿದುಕೊಂಡು ನಾನು ಅವರ ಹಿಂದೆ ಅಡುಗೆಮನೆಗೆ ಹೋದೆ. ಒಲೆಯ ಹತ್ತಿರ ಬಂದಾಗ ಟಿಕ್‌ಗಳು ಹತ್ತಿರ ಹತ್ತಿರವಾದವು. ಒಲೆಯ ಮೇಲಿನ ಅಟ್ಟದ ಕಡೆಗೆ ಕೈಯೆತ್ತಿದೆ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಸಿಡಿಯತೊಡಗಿತು. ಸರ್ ಚಾವಡಿಯಿಂದ ಓಡಿ ಬಂದರು.

ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇತ್ತು. ಸಂಜೀವಣ್ಣ ಇಳಿಸಿ ಮುಚ್ಚಳ ತೆಗೆದರು. ಒಳಗೆ ಡಜನ್‌ಗಟ್ಟಲೆ ಹೊಸ ಮ್ಯಾಂಟಲ್. ಗ್ಯಾಸ್‌ಲೈಟಿನ ಬುರುಡೆಯೊಳಗೆ ಕಟ್ಟುವ, ಹೊತ್ತಿಸಿದರೆ ಬೆಳ್ಳಗೆ ಬೆಳಗುವ ಬಲೆಬಟ್ಟೆಯ ಪುಟ್ಟ ಚೀಲಗಳು. ವಾಸುದೇವ ಸರ್ ಒಂದನ್ನು ಕೈಗೆತ್ತಿಕೊಂಡು ನೋಡಿ, ಮೀಟರಿಗೆ ಹಿಡಿದು, ಆ ಅಡುಗೆಮನೆಯ ನಡುವೆ ನಿಂತು ನಗತೊಡಗಿದರು. ಅವರು ಅಷ್ಟು ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. "ಥೋರಿಯಂ ಕಣಮ್ಮ, ಥೋರಿಯಂ. ಇದು ಅಷ್ಟು ಬೆಳ್ಳಗೆ ಉರಿಯೋದೇ ಅದರಿಂದ. ಕಪ್ಪು ಮರಳಲ್ಲಿ ನಾವು ಹುಡುಕ್ತಾ ಇರೋದೂ ಅದನ್ನೇ." ನಗು ನಿಂತ ಮೇಲೆ ಗಿರಿಜಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಅಮ್ಮಾ, ಕಾರ್ಡನ್ನು ಇದರೊಳಗೆ ಇಟ್ಟಿದ್ರಾ?"

ಗಿರಿಜಕ್ಕ ಈಗ ಸುಳ್ಳು ಹೇಳಲಿಲ್ಲ. "ಮತ್ತೆ ಎಂತ ಮಾಡುವುದು ಸಾರ್? ಮೊದಲ ಮಳೆಗೇ ಕಿಟಕಿಯಿಂದ ಎರಚಲು ಹೊಡೆಯಿತು. ಸರಕಾರದ ಸಾಮಾನು. ಬೂಸ್ಟು ಹಿಡಿದರೆ ನಾನು ಯಾರಿಗೆ ಉತ್ತರ ಕೊಡುವುದು? ನಮ್ಮಲ್ಲಿ ಪತ್ತನಾಜೆಗೆ ಲೈಟು ಎಲ್ಲ ತೊಳೆದು ಕಟ್ಟಿಟ್ಟ ಮೇಲೆ ಮ್ಯಾಂಟಲ್ ಈ ಪೆಟ್ಟಿಗೆಗೆ ಹಾಕಿ ಒಲೆಯ ಮೇಲೆ ಇಡುವುದು ಕ್ರಮ. ಇಡೀ ಮನೆಯಲ್ಲಿ ಒಣಗಿದ ಜಾಗ ಅಂತ ಇದ್ದರೆ ಇದೊಂದೇ. ಇವಳು ಬರುವ ಹಿಂದಿನ ದಿನ ತೆಗೆದು, ಒರೆಸಿ, ಆಣಿಗೆ ಹಾಕಿದೆ. ಇಟ್ಟ ಹಾಗೇ ಉಂಟು ಅಂತ ಅವಳಿಗೆ ಕಾಣಬೇಕಲ್ಲ?"

ಗುಡ್ಡ ಅಗೆದು ಇಲಿ ಹಿಡಿದದ್ದು ಎಂದರೆ ಇದೇ. ಆದರೆ ಆ ಇಲಿಯನ್ನು ಕಂಡು ನನಗಾದಷ್ಟು ಸಂತೋಷ ಹುಲಿ ಹಿಡಿದವನಿಗೂ ಆಗಿರಲಾರದು. ಅಷ್ಟು ದಿನ ಬಿಗಿಹಿಡಿದದ್ದೆಲ್ಲ ಒಮ್ಮೆಲೇ ಸಡಿಲಾಗಿ ಅಲ್ಲೇ ಒಲೆಯ ಪಕ್ಕ ಕೂತು ಅತ್ತುಬಿಟ್ಟೆ. ಗಿರಿಜಕ್ಕ ಗಾಬರಿಯಾದರು. "ಅಳುವುದು ಎಂತಕ್ಕೆ? ನಾನು ತೆಗೆದಿಟ್ಟದ್ದಕ್ಕೆ ನಿನ್ನ ಕೆಲಸ ಹೋಗ್ತದಾ?"

ಆಗ ಸರ್ ಎಲ್ಲವನ್ನೂ ಹೇಳಿದರು. ಕಾರ್ಡು ಹೇಳಿದ್ದು, ಮರಳಿನ ಸಂಶಯ, ಮೀಟರಿಗೆ ಕಾದದ್ದು. ಪೆಟ್ಟಿಗೆ ಅಷ್ಟು ಎತ್ತರದಲ್ಲಿ ಇದ್ದುದರಿಂದ ಯಾರಿಗೂ ಏನೂ ಆಗಿಲ್ಲ. ಕಾರ್ಡು ಮ್ಯಾಂಟಲ್‌ಗಳಿಗೆ ಅಂಟಿಕೊಂಡೇ ಮಲಗಿದ್ದರಿಂದ ಅಷ್ಟು ನುಂಗಿತು. ಮನೆಯ ಗಾಳಿಯಲ್ಲಿ, ನೆಲದಲ್ಲಿ ಇರುವುದು ಊರಿಗೆಲ್ಲ ಇರುವಷ್ಟೇ ಎಂದು ಮೀಟರು ಹಿಡಿದು ತೋರಿಸಿದರು. ಹಿಂದಿನ ಸಲದ್ದಕ್ಕೂ ಈ ಮನೆಗೂ ಸಂಬಂಧವಿಲ್ಲ ಎಂದು ಶಶಿಕಲಾಳನ್ನೇ ನೋಡಿ ಹೇಳಿದರು. ಅವಳು ತಲೆ ತಗ್ಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಹೋದ ಸಲ ಯಾಕೆ ಹಾಗಾಯಿತು ಎಂಬ ಪ್ರಶ್ನೆಯನ್ನು ಅವಳು ಯಾರಲ್ಲಿಯೂ ಕೇಳದೆ ಒಂದು ವರ್ಷ ಒಳಗೇ ಇಟ್ಟುಕೊಂಡಿದ್ದಳೆಂದು ನನಗೆ ಆಗ ತಿಳಿಯಿತು. ಪೆಟ್ಟಿಗೆಯನ್ನು ಮಾತ್ರ ಅಂಗಡಿಯಲ್ಲಿ ಇಡಿ, ಮ್ಯಾಂಟಲ್ ಕಟ್ಟಿದ ಮೇಲೆ ಕೈ ತೊಳೆಯಿರಿ, ಹೊಸದನ್ನು ಬಯಲಲ್ಲಿ ಹೊತ್ತಿಸಿ ಎಂದು ಸರ್ ಸಂಜೀವಣ್ಣನಿಗೆ ಹೇಳಿದರು.

ಸಂಜೀವಣ್ಣ ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ ನನ್ನನ್ನು ಕೇಳಿದರು. "ನೆಲದಲ್ಲಿ ಉಂಟು ಅಂತ ನಿಮಗೆ ಸಂಶಯ ಇತ್ತು. ಅಲ್ವಾ?"

"ಹೌದು."

"ಮತ್ತೆ ವಾರ ವಾರ ಬಂದು ಅದೇ ನೆಲದಲ್ಲಿ ಕೂತು ಊಟ ಮಾಡಿದಿರಲ್ಲ, ಅದು ಎಂತಕ್ಕೆ?"

ಗಿರಿಜಕ್ಕನೇ ಹೇಳಿದರು. "ಅವಳನ್ನು ಎಂತ ಕೇಳುವುದು? ಕೂತಳು, ಉಂಡಳು. ಸಾಕಲ್ಲ." ಹೇಳಿ ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈಗೆ ತೆಂಗಿನೆಣ್ಣೆಯ, ಒಲೆಯ ಹೊಗೆಯ ವಾಸನೆ ಇತ್ತು.

ಚೌತಿ ಕಳೆದು ಶಶಿಕಲಾಳಿಗೆ ಹೆಣ್ಣು ಮಗು ಹುಟ್ಟಿತು, ಸುಸೂತ್ರವಾಗಿ, ಗಂಟಲು ಹರಿಯುವಂತೆ ಅಳುತ್ತ. ಅದೇ ಆಣಿಗೆ ಹೊಸ ಕಾರ್ಡು ತೂಗಿಸಿದ್ದೆ. ಅದನ್ನು ಮುಟ್ಟುವುದಿರಲಿ, ದೀಪಾವಳಿಗೆ ಸುಣ್ಣ ಬಳಿಯುವಾಗ ಗಿರಿಜಕ್ಕ ಅದರ ಸುತ್ತ ಒಂದು ಗೇಣು ಬಿಡಿಸಿ ಬಳಿಸಿದ್ದರು. ಆ ಕಾರ್ಡಿನ ಬೆಳಕು ಪಕ್ಕದ ಮನೆಯದರ ಹಾಗೆಯೇ ಬಂತು. ನಮ್ಮ ವರದಿಯಲ್ಲಿ ಕುದ್ರೋಳಿಯ ಆ ಮನೆ ಹತ್ತರಲ್ಲಿ ಹನ್ನೊಂದಾಗಿ, ಯಾರೂ ಕಣ್ಣೆತ್ತಿ ನೋಡದ ಒಂದು ಸಾಮಾನ್ಯ ಅಂಕಿಯಾಗಿ ಕೂತಿದೆ. ಆಮೇಲೆ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾಗುವವರೆಗೆ ನಾನು ಎಷ್ಟೋ ಅಂಕಿ ನೋಡಿದೆ, ಅದರಷ್ಟು ಸಮಾಧಾನ ಕೊಟ್ಟದ್ದು ಇನ್ನೊಂದಿಲ್ಲ.

ಲೋಕೇಶ ಗೇಟು ತೆರೆದು, "ಅಮ್ಮಾ, ಯಾರು ಬಂದಿದ್ದಾರೆ ನೋಡಿ," ಎಂದು ಕೂಗಿದ. ಸಂಜೀವಣ್ಣ ಈಗ ಚಾವಡಿಯ ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ. ಗಿರಿಜಕ್ಕ ಊರುಗೋಲು ಹಿಡಿದು ಬಂದು, ನನ್ನ ಕೆನ್ನೆ ತಡವಿ, ನನ್ನ ನರೆಗೂದಲು ನೋಡಿ, "ನೀನೂ ಮುದುಕಿಯಾದೆಯಲ್ಲ," ಎಂದರು. ಶಶಿಕಲಾಳ ಆ ಮಗಳು ಈಗ ಎರಡು ಮಕ್ಕಳ ತಾಯಿ, ಸುರತ್ಕಲ್ಲಿನಲ್ಲಿದ್ದಾಳೆ, ರಜೆಗೆ ಬರುತ್ತಾಳೆ ಎಂದು ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಿದರು. ಅಷ್ಟು ಹೊತ್ತಿಗೆ ಲೋಕೇಶನ ಹೆಂಡತಿ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು.

"ಅದು ಬೇಡ, ಒಳಗೆ ಇಡು," ಎಂದರು ಗಿರಿಜಕ್ಕ. "ಇವಳು ಈ ಮನೆಯಲ್ಲಿ ಕುರ್ಚಿಯಲ್ಲಿ ಕೂರುವವಳಲ್ಲ."

ನನ್ನ ಮೊಣಕಾಲು ಡಾಕ್ಟರ ಮಾತು ಕೇಳುವುದನ್ನು ಬಿಟ್ಟು ವರ್ಷಗಳಾಗಿವೆ. ಗೋಡೆ ಹಿಡಿದು, ಮೆಲ್ಲಗೆ ಬಗ್ಗಿ, ಆಣಿಯ ಕೆಳಗೆ ನೆಲದ ಮೇಲೆ ಕೂತೆ. ಹೊರಗೆ ಅಂಥ ಸೆಕೆ. ನೆಲ ತಂಪಾಗಿತ್ತು.